ಬ್ಯಾಂಕ್ ಸ್ಟಿಕ್ಕರ್, ಮಾತಾಡುವ ಡಬ್ಬಿ, ಸ್ವೈಪ್ ಮಷಿನ್: ಸಣ್ಣ ಅಂಗಡಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಯಾಂಕಿನವರು ಕೊಟ್ಟ ಬರೀ ಕ್ಯೂಆರ್ ಸ್ಟಿಕ್ಕರ್‌ಗೆ. ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿಪುಡಿ ಅಂಗಡಿ. ವಾರದ ದಿನ ಊರಿನವರು ಬರುತ್ತಾರೆ, ಶನಿವಾರ ಭಾನುವಾರ ಮುಳ್ಳಯ್ಯನಗಿರಿ ಇಳಿದು ಬರುವ ಬೆಂಗಳೂರಿನವರು. ಮೂರನ್ನೂ ಇಟ್ಟು ನೋಡಿದ್ದೇನೆ.

ಸ್ವೈಪ್ ಮಷಿನ್ ನಮಗೆ ಹೊಂದಲಿಲ್ಲ. ಡೆಬಿಟ್ ಕಾರ್ಡ್‌ಗೆ ಅಂಗಡಿಯವರಿಂದ ಎಷ್ಟು ಹಿಡಿಯಬಹುದು ಅನ್ನೋದಕ್ಕೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ, ಸಣ್ಣವರಿಗೆ 0.40%. ಕ್ರೆಡಿಟ್ ಕಾರ್ಡ್‌ಗೆ ಅಂಥ ಮಿತಿಯಿಲ್ಲ, ಸುಮಾರು 2% ಹೋಗುತ್ತದೆ. ಕಾಲು ಕೆಜಿ, ಅರ್ಧ ಕೆಜಿ ಪುಡಿ ಮಾರುವವರಿಗೆ ಅದು ಭಾರವೇ. ಅದರ ಮೇಲೆ ಮಷಿನ್ ಬಾಡಿಗೆ ಬೇರೆ. ವಾಪಸ್ ಕೊಟ್ಟೆ.

ಯುಪಿಐಗೆ 2020ರ ಜನವರಿ 1ರಿಂದ ಅಂಗಡಿಯವರು ಏನೂ ಕೊಡಬೇಕಿಲ್ಲ, ಅದು ಕಾನೂನು. (ಗಿರಾಕಿ ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿಕೊಂಡು 2000 ರೂಪಾಯಿ ಮೇಲೆ ಸ್ಕ್ಯಾನ್ ಮಾಡಿದರೆ ಹಿಡಿಯುತ್ತಾರೆ, ನೋಡಿಕೊಳ್ಳಿ.) ಹಾಗಾದರೆ ಬ್ಯಾಂಕು, ಆ್ಯಪ್‌ನವರಿಗೆ ಖರ್ಚಿಗೆ ಏನು? ಸರ್ಕಾರ ಸ್ವಲ್ಪ ಕೊಡುತ್ತದೆ. 2024-25ಕ್ಕೆ ಸುಮಾರು 1,500 ಕೋಟಿ ಇಟ್ಟಿತ್ತು, ಸಣ್ಣ ಅಂಗಡಿಯ 2000 ರೂಪಾಯಿವರೆಗಿನ ಪಾವತಿಗೆ 0.15% ಲೆಕ್ಕದಲ್ಲಿ. ಅದರಲ್ಲಿ ಹೊಟ್ಟೆ ತುಂಬಲ್ಲ ಅಲ್ವಾ. ಸ್ಕ್ಯಾನ್‌ಗೆ ಕಾಸು ಕೇಳುವ ಹಾಗಿಲ್ಲ ಅಂದಮೇಲೆ ಬಾಡಿಗೆ ಬರುವ ವಸ್ತು ಬೇಕು. ದುಡ್ಡು ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್, ಅಂದರೆ ಈ ಮಾತಾಡುವ ಡಬ್ಬಿ, ಅಂಗಡಿ ಅಂಗಡಿಗೂ ಬಂದದ್ದು ಹೀಗೆ.

ಡಬ್ಬಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಪುಡಿ ಮಾಡುವ ಮಷಿನ್ ಗಲಾಟೆಯಲ್ಲೂ ಕನ್ನಡದಲ್ಲಿ ಜೋರಾಗಿ ಹೇಳುತ್ತದೆ, ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಆಟ ನಡೆಯಲ್ಲ. ತಲೆನೋವು ಬೇರೆ ಕಡೆ ಇದೆ. ಯಾವ ಆ್ಯಪ್‌ನಿಂದ ಬೇಕಾದರೂ ಸ್ಕ್ಯಾನ್ ಆಗುವ ಕ್ಯೂಆರ್ ಮಾತ್ರ ಇರಬೇಕು ಅಂತ 2020ರ ಅಕ್ಟೋಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಹೇಳಿತು, ಹಳೆಯದನ್ನೆಲ್ಲ ಬದಲಿಸಲು 2022ರ ಮಾರ್ಚ್‌ವರೆಗೆ ಟೈಮ್ ಕೊಟ್ಟಿತು. ಒಳ್ಳೇದೇ ಆಯಿತು. ಆದರೆ ನಮ್ಮ ಡಬ್ಬಿ ಅದೇ ಕಂಪನಿಯ ಕ್ಯೂಆರ್‌ಗೆ ದುಡ್ಡು ಬಂದರೆ ಮಾತ್ರ ಬಾಯಿ ಬಿಡುತ್ತಿತ್ತು. ಪಕ್ಕದಲ್ಲೇ ಅಂಟಿಸಿದ್ದ ಬ್ಯಾಂಕ್ ಸ್ಟಿಕ್ಕರ್‌ಗೆ ಎಷ್ಟೇ ಬಂದರೂ ಸುಮ್ನೆ ಕೂರುತ್ತಿತ್ತು. ಕ್ಯೂಆರ್‌ನಲ್ಲಿ ಕಾನೂನು ತೆಗೆಸಿದ ಬೀಗವನ್ನು ಡಬ್ಬಿಗೆ ಹಾಕಿದ್ದಾರೆ, ಅಷ್ಟೇ.

ಬಾಡಿಗೆ ಕಥೆ ಇನ್ನೂ ಚೆಂದ. ನನ್ನ ಒಪ್ಪಿಗೆಯ ಮೇಲೆ ಖಾತೆಯಿಂದ ತಾನಾಗಿ ಹೋಗುವ ಯುಪಿಐ ಆಟೋಪೇ ಆಗಿದ್ದರೆ ಫೋನ್ ತೆಗೆದು ನಾನೇ ರದ್ದು ಮಾಡಬಹುದಿತ್ತು. ನಮ್ಮದರಲ್ಲಿ ಹಾಗಲ್ಲ. ದಿನದ ಮೊತ್ತ ಖಾತೆಗೆ ಬರುವ ಮೊದಲೇ ಅದರಲ್ಲಿ ಮುರಿದುಕೊಂಡು ಉಳಿದದ್ದನ್ನು ಹಾಕುತ್ತಿದ್ದರು. ನಿಲ್ಲಿಸುವ ಗುಂಡಿ ನನ್ನ ಕೈಯಲ್ಲಿ ಇಲ್ಲವೇ ಇಲ್ಲ. ಡಬ್ಬಿ ಬೇಡ ಅಂತ ಹೇಳಿದ ಮೇಲೂ ಮುರಿಯುತ್ತಲೇ ಇದ್ದರು. ಹಾಕಿ ಹೋದ ಹುಡುಗ ಕೆಲಸ ಬಿಟ್ಟಿದ್ದ. ಹೊಸದಾಗಿ ಬಂದವನು ಹಳೇ ಡಬ್ಬಿ ವಾಪಸ್ ತೆಗೆದುಕೊಳ್ಳುವುದು ಬಿಟ್ಟು, ಅಣ್ಣಾ ಇನ್ನೊಂದು ಹೊಸ ಮಾಡೆಲ್ ಇದೆ ಅಂದ! ಕೊನೆಗೆ ಅವರ ಕ್ಯೂಆರನ್ನೇ ಕಿತ್ತುಹಾಕಿದೆ. ಅದರಲ್ಲಿ ದುಡ್ಡು ಬರದಿದ್ದರೆ ಮುರಿಯಲು ಏನಿದೆ?

  

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ರಾಜ್ಯದಲ್ಲಿ ಎಷ್ಟೋ ಜನ ಕ್ಯೂಆರ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬರೆದು ಹಾಕಿದರು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು, ಸಿಟ್ಟು ಬರುವುದು ಸಹಜ. ಕಾಫಿಪುಡಿಗೆ 5% ಇದ್ದೇ ಇದೆ, ನನ್ನದು ನೋಂದಣಿಯೂ ಆಗಿದೆ, ಹಾಗಾಗಿ ತೆಗೆಯಲಿಲ್ಲ. ಸರಕು ಮಾರುವವರಿಗೆ ನೋಂದಣಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ. ಕ್ಯಾಶ್ ಕೂಡ ಆ ಲೆಕ್ಕಕ್ಕೆ ಸೇರುತ್ತದೆ.

ಸ್ಟಿಕ್ಕರ್‌ಗೆ ಬಾಯಿಲ್ಲ, ನಿಜ. ಹಳೇ ಫೋನೊಂದಕ್ಕೆ ಬ್ಯಾಂಕಿನ ಆ್ಯಪ್ ಹಾಕಿ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟಿದ್ದೇನೆ, ದುಡ್ಡು ಬಂದರೆ ಟಣ್ ಅನ್ನುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋದರೆ ಮೂರೂ ಒಂದೇ, ಚಿಲ್ಲರೆ ಇಟ್ಟುಕೊಂಡಿರಿ.

ಹೋಂಸ್ಟೇ ನಡೆಸುವವರು, ಸಾವಿರಗಟ್ಟಲೆ ಬಿಲ್ ಮಾಡುವವರು ಸ್ವೈಪ್ ಮಷಿನ್ ಇಟ್ಟುಕೊಳ್ಳಿ, 2% ಹೋದರೂ ಗಿರಾಕಿ ಉಳಿಯುತ್ತಾನೆ. ಒಬ್ಬರೇ ಅಂಗಡಿ ನೋಡಿಕೊಳ್ಳುವವರಾದರೆ ಡಬ್ಬಿ ತೆಗೆದುಕೊಳ್ಳಿ, ಆದರೆ ಬಾಡಿಗೆ ಆಟೋಪೇನಲ್ಲಿ ಹೋಗುತ್ತದೋ, ಬರುವ ದುಡ್ಡಿನಲ್ಲೇ ಮುರಿಯುತ್ತಾರೋ ಅಂತ ಸಹಿ ಹಾಕುವ ಮೊದಲೇ ಕೇಳಿ.