ಕಿಡ್ನಿ ಕಸಿಗೆ ಮುಂಚಿನ ಹೆಚ್‌ಎಲ್‌ಎ ಲ್ಯಾಬ್: ಟೆಸ್ಟ್ ಚೆನ್ನಾಗಿದೆ, ಬಿಡಿಸಿ ಹೇಳೋರೇ ಇಲ್ಲ

ಮೊದಲೇ ಹೇಳಿಬಿಡುತ್ತೇನೆ. ಟೆಸ್ಟಿಗೆ ಐದಕ್ಕೆ ನಾಲ್ಕೂವರೆ, ರಿಪೋರ್ಟ್ ಕೈಗಿಡುವ ರೀತಿಗೆ ಒಂದೂವರೆ. ಡೋನರ್‌ದೂ ರೋಗಿಯದೂ ದೇಹದ ಗುರುತು (ಅದೇ ಹೆಚ್‌ಎಲ್‌ಎ) ಹೊಂದುತ್ತದಾ ಅಂತ ನೋಡುವ ಲ್ಯಾಬ್ ಇದು, ಬೆಂಗಳೂರಿನದು, ಖಾಸಗಿ, ಹೆಸರು ಬೇಡ. ಅತ್ತಿಗೆಗೆ ಅಣ್ಣನ ಕಿಡ್ನಿ ಕೊಡಬಹುದಾ ಅಂತ ನೋಡಲು ಆಸ್ಪತ್ರೆಯವರೇ ಅಲ್ಲಿಗೆ ಕಳಿಸಿದ್ದರು. ಇಬ್ಬರದೂ ಓ ಪಾಸಿಟಿವ್. ಬ್ಲಡ್ ಗ್ರೂಪ್ ಸೇರಿತಲ್ಲ, ಇನ್ನೇನು, ಅರ್ಧ ಕೆಲಸ ಮುಗೀತು ಅಂತಲೇ ಮನೆಯವರೆಲ್ಲ ಅಂದುಕೊಂಡಿದ್ದರು.

ಸ್ಯಾಂಪಲ್ ತೆಗೆಯುವ ಹುಡುಗಿಗೆ ಪೂರ್ತಿ ಮಾರ್ಕ್ಸು. ಸೂಜಿ ಕೈಗೆತ್ತಿಕೊಳ್ಳುವ ಮೊದಲೇ "ಫಿಸ್ಟುಲಾ ಯಾವ ಕೈಯಲ್ಲಿದೆ ಮೇಡಂ?" ಅಂತ ಕೇಳಿ (ಡಯಾಲಿಸಿಸ್‌ಗೆ ಅಂತ ಕೈಯ ರಕ್ತನಾಳ ಜೋಡಿಸಿರುವ ಜಾಗ ಅದು) ಇನ್ನೊಂದು ಕೈ ಹಿಡಿದಳು. ಡಯಾಲಿಸಿಸ್ ಆದಮೇಲೆ ಬರಬೇಡಿ, ಮೊದಲೇ ಬನ್ನಿ, ಆಗ ಕೊಡುವ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಔಷಧಿ) ರಕ್ತದಲ್ಲಿದ್ದರೆ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಸರಿಯಾಗಿ ಸಿಗಲ್ಲ ಅಂತ ಫೋನಿನಲ್ಲೇ ಹೇಳಿದ್ದರು. ಡೋನರ್ ಖುದ್ದಾಗಿ ಬರಬೇಕು ಅಂತಲೂ ಹಟ ಹಿಡಿದರು. ಅಣ್ಣ ಮನೆಗೇ ಬಂದು ತಗೊಂಡು ಹೋಗಬಾರದಾ ಅಂತ ಗೊಣಗಿದ, ಆದರೆ ಇದರಲ್ಲಿ ಅವರದೇ ಸರಿ. ಕ್ರಾಸ್‌ಮ್ಯಾಚ್‌ಗೆ ಡೋನರ್‌ನ ಬಿಳಿ ರಕ್ತಕಣಗಳು ಜೀವಂತ ಇರಬೇಕು. ಅದರ ಮೇಲೆ ರೋಗಿಯ ಸೀರಮ್ ಹಾಕುತ್ತಾರೆ. ರೋಗಿಯ ದೇಹದಲ್ಲಿ ಡೋನರ್‌ನ ವಿರುದ್ಧ ಆಂಟಿಬಾಡಿ ಮೊದಲೇ ಇದ್ದರೆ ಕಣಗಳು ಸಾಯುತ್ತವೆ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಗಾಡಿ ಮೇಲೆ ಬಿಸಿಲಲ್ಲಿ ಸುತ್ತಿ ಬಂದ ಟ್ಯೂಬಿನಲ್ಲಿ ತಾನಾಗೇ ಸತ್ತ ಕಣ ಯಾವುದು, ಆಂಟಿಬಾಡಿ ಕೊಂದದ್ದು ಯಾವುದು ಅಂತ ಹೇಗೆ ಹೇಳುವುದು?

ಈ ಟೆಸ್ಟನ್ನು ಯಾಕೆ ಬಿಡಬಾರದು ಅನ್ನೋದಕ್ಕೆ ಹಳೇ ಲೆಕ್ಕವೊಂದಿದೆ. 1969ರಲ್ಲಿ ಪಟೇಲ್ ಮತ್ತು ಟೆರಸಾಕಿ ಅನ್ನುವ ಇಬ್ಬರು ಪ್ರಕಟಿಸಿದ್ದು. ಕ್ರಾಸ್‌ಮ್ಯಾಚ್ ಪಾಸಿಟಿವ್ (ಅಂದರೆ ಕಣಗಳು ಸತ್ತದ್ದು) ಇದ್ದೂ ಕಸಿ ಮಾಡಿದ 30 ಜನರಲ್ಲಿ 24 ಜನರ ಕಿಡ್ನಿ ಕೂಡಲೇ ಹಾಳಾಗಿತ್ತು. ನೆಗೆಟಿವ್ ಇದ್ದ 195 ಜನರಲ್ಲಿ ಹಾಗಾದದ್ದು 8 ಮಾತ್ರ.

ಇನ್ನು ರಿಪೋರ್ಟ್. ಪುಟ ತುಂಬ ಎ, ಬಿ, ಡಿಆರ್‌ಬಿ1 ಅಂತ ಅಕ್ಷರ, ನಕ್ಷತ್ರ ಚಿಹ್ನೆ, ನಂಬರು. ಕೊನೆಯಲ್ಲಿ ದಪ್ಪಕ್ಷರದಲ್ಲಿ 6ಕ್ಕೆ 1 ಮ್ಯಾಚ್. ಅದರ ಕೆಳಗೆ ಕ್ರಾಸ್‌ಮ್ಯಾಚ್ ನೆಗೆಟಿವ್. ಇನ್ನೊಂದು ಹಾಳೆಯಲ್ಲಿ ಡಿಎಸ್‌ಎ, ಅಂದರೆ ಡೋನರ್ ವಿರುದ್ಧದ ಆಂಟಿಬಾಡಿ, ಪಾಸಿಟಿವ್. ಒಂದೇ ಕವರಿನಲ್ಲಿ ನೆಗೆಟಿವ್ವೂ ಪಾಸಿಟಿವ್ವೂ! ಕೌಂಟರಿನಲ್ಲಿ ಕೇಳಿದರೆ "ಡಾಕ್ಟರ್ ಹೇಳ್ತಾರೆ ಸರ್" ಅಷ್ಟೇ. ಡಾಕ್ಟರ್ ಅಪಾಯಿಂಟ್‌ಮೆಂಟ್ ಇದ್ದದ್ದು ಮುಂದಿನ ವಾರ. ಅಲ್ಲಿಯ ತನಕ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಐದಂಕಿ ಬಿಲ್ ತಗೊಂಡವರು ಹತ್ತು ನಿಮಿಷ ಕೂರಿಸಿ ಮಾತಾಡಬಾರದಾ?

ಆಮೇಲೆ ನೆಫ್ರಾಲಜಿಸ್ಟ್ ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಬೇರೆಯವರಿಗಾದರೂ ಉಪಯೋಗವಾಗಲಿ. ಹೆಚ್‌ಎಲ್‌ಎ ಅಂದರೆ ಕಣದ ಮೇಲಿನ ಗುರುತು. ಅದರ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇರುವುದರಿಂದ ಸಾಮಾನ್ಯವಾಗಿ ಸೆಟ್ ಸೆಟ್ಟಾಗಿ ಬರುತ್ತವೆ, ಅಪ್ಪನಿಂದೊಂದು ಸೆಟ್, ಅಮ್ಮನಿಂದೊಂದು. ಒಂದೊಂದು ಸೆಟ್ಟಿನಲ್ಲಿ ಎ, ಬಿ, ಡಿಆರ್ ಅಂತ ಮೂರು ಗುರುತು ಲೆಕ್ಕ, ರಿಪೋರ್ಟಿನ 6 ಅಂದರೆ ಅದೇ. ಹಾಗಾಗಿ ಅಪ್ಪ ಅಮ್ಮ ಮಕ್ಕಳಿಗೆ ಅರ್ಧ ಹೊಂದೇ ಹೊಂದುತ್ತಾರೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲೊಂದು, ಏನೂ ಹೊಂದದಿರುವುದೂ ನಾಲ್ಕರಲ್ಲೊಂದು, ಉಳಿದದ್ದು ಅರ್ಧ. ಗಂಡ ಹೆಂಡತಿ ಹೊಂದಬೇಕು ಅಂತೇನೂ ಇಲ್ಲ. ನಮ್ಮ ಕಡೆ ಸೋದರಮಾವನ ಮಗನನ್ನೋ ಅತ್ತೆ ಮಗಳನ್ನೋ ಮದುವೆಯಾದವರಲ್ಲಿ ಕೆಲವೊಮ್ಮೆ ಒಂದು ಸೆಟ್ ಒಂದೇ ಇರುತ್ತದಂತೆ, ಅದು ಬೇರೆ ಮಾತು.

ನಮಗೆ ಗೊತ್ತೇ ಇರದ ಸಂಗತಿ ಇನ್ನೊಂದಿತ್ತು. ಗರ್ಭದಲ್ಲಿರುವ ಮಗುವಿನಲ್ಲಿ ಅಪ್ಪನ ಅರ್ಧ ಗುರುತು ಇರುತ್ತದೆ. ತಾಯಿಯ ದೇಹ ಅದನ್ನು ಪರಕೀಯ ಅಂತ ಗುರುತಿಟ್ಟುಕೊಂಡು ಆಂಟಿಬಾಡಿ ಮಾಡಿಟ್ಟುಕೊಳ್ಳಬಹುದು. ಅತ್ತಿಗೆಗೆ ಇಬ್ಬರು ಮಕ್ಕಳು. ಅವರ ರಕ್ತದಲ್ಲಿದ್ದದ್ದು ಅಣ್ಣನ ಡಿಆರ್ ಗುರುತಿನ ವಿರುದ್ಧದ ಆಂಟಿಬಾಡಿ. ಹಳೇ ಕ್ರಾಸ್‌ಮ್ಯಾಚಿನಲ್ಲಿ ಸಿಕ್ಕಿಬೀಳುವಷ್ಟು ಇರಲಿಲ್ಲ, ಡಿಎಸ್‌ಎ ಹುಡುಕುವ ಸಿಂಗಲ್ ಆಂಟಿಜೆನ್ ಬೀಡ್ ಟೆಸ್ಟ್ (ಸಣ್ಣ ಮಣಿಗಳಿಗೆ ಒಂದೊಂದೇ ಗುರುತು ಅಂಟಿಸಿ ನೋಡುವುದು) ಸೂಕ್ಷ್ಮ, ಅದು ಹಿಡಿಯಿತು. ನೆಗೆಟಿವ್-ಪಾಸಿಟಿವ್ ಗೊಂದಲ ಇಷ್ಟೇ! ಅತ್ತಿಗೆ ನಗುತ್ತಲೇ ಅಂದರು, "ಇಷ್ಟು ವರ್ಷ ಸಂಸಾರ ಮಾಡಿದ್ರೂ ನನ್ನ ರಕ್ತ ನಿಮ್ಮಣ್ಣನ್ನ ಒಪ್ಪಿಲ್ಲ ನೋಡಪ್ಪ." ಅಣ್ಣ ನಗಲಿಲ್ಲ.

ರಕ್ತ ಹಾಕಿಸಿಕೊಂಡವರಿಗೂ ಇಂಥ ಆಂಟಿಬಾಡಿ ಬರಬಹುದು. ಅದಕ್ಕೇ ಕಸಿಗೆ ಮುಂಚೆ ರಕ್ತ ಹಾಕಿಸಿಕೊಂಡಿದ್ದರೆ ಲ್ಯಾಬಿಗೆ ತಪ್ಪದೇ ಹೇಳಿ. ಇವರ ಫಾರ್ಮಿನಲ್ಲಿ ಆ ಪ್ರಶ್ನೆ ಇತ್ತು, ಹೆರಿಗೆ, ಅಬಾರ್ಷನ್ ಎಷ್ಟು ಅಂತಲೂ ಇತ್ತು. ಯಾಕೆ ಕೇಳುತ್ತಿದ್ದೇವೆ ಅಂತ ಒಂದು ಸಾಲು ಹಾಕಿದ್ದರೆ ಜನ ಮುಜುಗರ ಬಿಟ್ಟು ನಿಜ ಬರೆಯುತ್ತಿದ್ದರು.

ಸಿಟ್ಟು ಬಂದದ್ದು ಪ್ಯಾಕೇಜಿಗೆ. ರಿಜೆಕ್ಷನ್ ರಿಸ್ಕ್ ಜೀನ್ ಪ್ಯಾನಲ್ ಅಂತ ಕೌಂಟರಿನಲ್ಲಿ ಒಂದು ಕರಪತ್ರ ಕೊಟ್ಟರು (ರಿಜೆಕ್ಷನ್ ಅಂದರೆ ಹೊಸ ಕಿಡ್ನಿಯನ್ನು ದೇಹ ಒಪ್ಪದಿರುವುದು). ಅದರಲ್ಲಿ ಎಪಿಒಎಲ್1 ಜೀನ್ ಇತ್ತು. ಅದರ ಕಿಡ್ನಿಗೆ ತೊಂದರೆ ಕೊಡುವ ರೂಪಗಳು ಮುಖ್ಯವಾಗಿ ಆಫ್ರಿಕಾ ಮೂಲದವರಲ್ಲಿ ಕಾಣುವಂಥವು, ದಾವಣಗೆರೆ ಮೂಲದ ನಮಗೆ ಅದನ್ನು ಯಾಕೆ ಮಾರಬೇಕು? ಸಿವೈಪಿ3ಎ5 ಇದ್ದದ್ದಕ್ಕೆ ಅರ್ಥವಿದೆ. ಆ ಜೀನ್ ಕೆಲಸ ಮಾಡುವವರ ದೇಹ ಟ್ಯಾಕ್ರೋಲಿಮಸ್ ಅನ್ನುವ, ರಿಜೆಕ್ಷನ್ ತಡೆಯುವ ಮಾತ್ರೆಯನ್ನು ಬೇಗ ಕರಗಿಸಿಬಿಡುತ್ತದೆ, ಶುರುವಿನ ಡೋಸ್ ಒಂದೂವರೆಯಿಂದ ಎರಡು ಪಟ್ಟು ಬೇಕಾಗಬಹುದು, ಇಂಥವರು ಯುರೋಪಿನವರಿಗಿಂತ ನಮ್ಮಲ್ಲಿ ಜಾಸ್ತಿ. ಆದರೆ ಆ ಟೆಸ್ಟ್ ಮಾಡಿಸಿದರೂ ಬಿಟ್ಟರೂ ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಟ್ಟು ಅದರಲ್ಲಿ ಔಷಧಿಯ ಲೆವೆಲ್ ನೋಡಿಸುವುದು ತಪ್ಪುವುದಿಲ್ಲ. ನಾವು ಪ್ಯಾಕೇಜ್ ಬೇಡ ಅಂದೆವು.

ಪೂರ್ತಿ ಮ್ಯಾಚ್ ಆದರೆ ರಿಜೆಕ್ಷನ್ ಭಯವೇ ಇಲ್ಲ ಅಂತ ಅದೇ ಕರಪತ್ರದಲ್ಲಿ ಬರೆದಿದ್ದರು. ಸುಳ್ಳು. 1954ರಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೇ ಮಾಡಿದ ಕಸಿ ಗೆದ್ದದ್ದು ಅವರಿಬ್ಬರೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಲ್ಲಿ ಹೆಚ್‌ಎಲ್‌ಎ ಬಿಟ್ಟು ಬೇರೆ ಸಣ್ಣಪುಟ್ಟ ಗುರುತುಗಳು ಇದ್ದೇ ಇರುತ್ತವೆ, ಮಾತ್ರೆ ಬಿಡುವ ಹಾಗಿಲ್ಲ.

ಆಂಟಿಬಾಡಿ ತೆಗೆದು ಅಣ್ಣನದೇ ಕೊಡುವುದು, ಇಲ್ಲ ಇನ್ನೊಂದು ಕುಟುಂಬದ ಜೊತೆ ಸ್ವಾಪ್ (ಡೋನರ್ ಅದಲುಬದಲು), ಇಲ್ಲ ಸತ್ತವರ ಅಂಗ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯುವುದು, ಹೀಗೆ ದಾರಿಗಳಿವೆ ಅಂತ ಹೇಳಿದವರು ಆಸ್ಪತ್ರೆಯ ಕೋಆರ್ಡಿನೇಟರ್. ಅಷ್ಟರಲ್ಲಿ ಅತ್ತಿಗೆಯ ತಂಗಿ ನಾನು ಕೊಡುತ್ತೇನೆ ಅಂತ ಬಂದಳು. ಮತ್ತೆ ಅದೇ ಲ್ಯಾಬ್. ಅರ್ಧ ಮ್ಯಾಚ್, ಕ್ರಾಸ್‌ಮ್ಯಾಚ್ ನೆಗೆಟಿವ್, ಡಿಎಸ್‌ಎ ಇಲ್ಲ. ಆಪರೇಷನ್ನಿಗೆ ಮುಂಚೆ ಕ್ರಾಸ್‌ಮ್ಯಾಚ್ ಇನ್ನೊಮ್ಮೆ ಮಾಡಿದರು, ಹೇಳಿದ ದಿನಕ್ಕೇ ರಿಪೋರ್ಟ್ ಕೊಟ್ಟರು.

ಹೋಗುವವರಿಗೆ: ರೋಗಿ, ಡೋನರ್ ಇಬ್ಬರ ಆಧಾರ್ ಮತ್ತು ಫೋಟೋ ಇಟ್ಟುಕೊಳ್ಳಿ, ಫೋಟೋ ರಿಪೋರ್ಟಿನ ಮೇಲೇ ಬರುತ್ತದೆ. ಪಾರ್ಕಿಂಗ್ ಇಲ್ಲ. ರಿಪೋರ್ಟ್ ಬರುವ ದಿನ ನೋಡಿಕೊಂಡು ಡಾಕ್ಟರ್ ಅಪಾಯಿಂಟ್‌ಮೆಂಟ್ ಮೊದಲೇ ತಗೊಂಡಿರಿ.