ಟಾಕ್‌ಒರಿಜಿನ್ಸ್ ಸೂಚಿ: ವಾದಕ್ಕೆ ಉತ್ತರ ಸಿಗುತ್ತದೆ, ಅಹವಾಲು ಸಭೆಗೆ ಅಷ್ಟೇ ಸಾಲದು

ಶಾಲೆಯಲ್ಲಿ ಜೀವವಿಕಾಸ ಕಲಿಸುವ ಬಗ್ಗೆ ತಕರಾರು ಎದ್ದಾಗ ಪೋಷಕರೂ ವಿಜ್ಞಾನ ಶಿಕ್ಷಕರೂ ಮೊದಲು ತಡಕಾಡುವ ಜಾಗಗಳಲ್ಲಿ ಟಾಕ್‌ಒರಿಜಿನ್ಸ್ ಆರ್ಕೈವ್ ಎಂಬ ಜಾಲತಾಣ ಒಂದು. ಜೀವಿಗಳನ್ನು ದೇವರೇ ಸೃಷ್ಟಿಸಿದ ಎನ್ನುವ ಸೃಷ್ಟಿವಾದಿಗಳ ವಾದಗಳನ್ನೂ ಅವಕ್ಕೆ ಉತ್ತರಗಳನ್ನೂ ಜೋಡಿಸಿ ಮಾರ್ಕ್ ಐಸಾಕ್ ಸಂಪಾದಿಸಿದ ಸೂಚಿ ಅಲ್ಲಿದೆ. ಓದಲು ದುಡ್ಡು ಕೊಡಬೇಕಿಲ್ಲ. ನೋಡಲು ಹಳೇ ಕಾಲದ್ದು, ಆದರೆ ಬೇಕಾದ ಉತ್ತರ ಇದರಷ್ಟು ಬೇಗ ಬೇರೆಲ್ಲೂ ಸಿಗುವುದಿಲ್ಲ.

ಪ್ರತಿ ವಾದಕ್ಕೂ ಒಂದು ಸಂಕೇತವಿದೆ. ಸಿಎ ಎಂದರೆ ತತ್ತ್ವಶಾಸ್ತ್ರ ಮತ್ತು ದೇವತಾಶಾಸ್ತ್ರ, ಸಿಬಿ ಜೀವವಿಜ್ಞಾನ, ಸಿಸಿ ಪಳೆಯುಳಿಕೆಗಳು, ಸಿಎಫ್ ಭೌತವಿಜ್ಞಾನ. "ಅದು ಬರೀ ಥಿಯರಿ" ಎಂಬ ಮಾತಿಗೆ ಸಿಎ201, "ಮಂಗನಿಂದ ಬಂದಿದ್ದರೆ ಮಂಗಗಳು ಇನ್ನೂ ಯಾಕಿವೆ" ಎಂಬುದಕ್ಕೆ ಸಿಸಿ150, ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಕಶಾಂಗ ಹಂತಹಂತವಾಗಿ ವಿಕಾಸವಾಗಲಾರದಷ್ಟು ಜಟಿಲ ಎಂಬ ವಾದಕ್ಕೆ ಸಿಬಿ200.1. ಪುಟ ತೆರೆದರೆ ಮೊದಲು ವಾದ, ಆಮೇಲೆ ಅದನ್ನು ಯಾರು ಎಲ್ಲಿ ಹೇಳಿದ್ದಾರೆ, ನಂತರ ಅಂಕಿ ಹಾಕಿದ ಉತ್ತರಗಳು, ಕೊನೆಗೆ ಆಧಾರಗಳು. ಹುಡುಕುವಾಗ ನಿಮ್ಮ ವಿಷಯದಿಂದ ಶುರು ಮಾಡಬೇಡಿ, ಎದುರಿನವರು ಆಡಿದ ಮಾತಿನಿಂದಲೇ ಶುರು ಮಾಡಿ. ಸೂಚಿಯನ್ನು ಜೋಡಿಸಿರುವುದೇ ಹಾಗೆ.

ಉತ್ತರವನ್ನು ಹಾಗೇ ನಕಲು ಮಾಡಿಕೊಂಡು ಹೋದರೆ ಎಡವುತ್ತೀರಿ. ಸಿಎಫ್001 ನೋಡಿ. ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮದ ಪ್ರಕಾರ ಅವ್ಯವಸ್ಥೆ ಹೆಚ್ಚುತ್ತಲೇ ಹೋಗಬೇಕು, ಹಾಗಾಗಿ ಜೀವವಿಕಾಸ ಅಸಾಧ್ಯ ಎಂಬ ವಾದ ಅದು. ಭೂಮಿ "ಮುಚ್ಚಿದ ವ್ಯವಸ್ಥೆ" ಅಲ್ಲ, ಸೂರ್ಯನಿಂದ ಶಕ್ತಿ ಬರುತ್ತಿದೆ ಎಂಬುದು ಅಲ್ಲಿನ ಉತ್ತರ. ತಿರುಳು ಸರಿ, ಪದ ಸಡಿಲ. ಪಠ್ಯಪುಸ್ತಕದ ಲೆಕ್ಕದಲ್ಲಿ ಮುಚ್ಚಿದ ವ್ಯವಸ್ಥೆ ಎಂದರೆ ದ್ರವ್ಯ ಒಳಹೊರಗೆ ಹೋಗದ, ಆದರೆ ಶಕ್ತಿ ಹೋಗಿಬರುವ ವ್ಯವಸ್ಥೆ. ಭೂಮಿ ಹೆಚ್ಚುಕಡಿಮೆ ಅಂಥದ್ದೇ. ಇಲ್ಲಿ ಬೇಕಾದದ್ದು "ಪ್ರತ್ಯೇಕಿತ ವ್ಯವಸ್ಥೆ" ಎಂಬ ಪದ, ಅಂದರೆ ದ್ರವ್ಯವೂ ಶಕ್ತಿಯೂ ಹೋಗಿಬರದ ವ್ಯವಸ್ಥೆ. ಪಠ್ಯದ ಬಗ್ಗೆ ಜನರ ಮಾತು ಕೇಳುವ ಅಹವಾಲು ಸಭೆಯಲ್ಲಿ ಒಬ್ಬ ಫಿಸಿಕ್ಸ್ ಮೇಷ್ಟ್ರು ಕೂತಿದ್ದರೆ ಸಾಕು, ಚರ್ಚೆ ಜೀವವಿಕಾಸ ಬಿಟ್ಟು ನಿಮ್ಮ ಪದಪ್ರಯೋಗದ ಮೇಲೆ ತಿರುಗುತ್ತದೆ.

ಎರಡನೇ ತೊಂದರೆ ವಯಸ್ಸು. ನಮೂದುಗಳ ಕೆಳಗಿನ ದಿನಾಂಕ ಬಹುಪಾಲು 2003ರಿಂದ 2006ರೊಳಗಿನದು. ಅಳಿದುಹೋದ ನಿಯಾಂಡರ್ತಲ್ ಮಾನವರ ಜೀನೋಮ್‌ನ, ಅಂದರೆ ಇಡೀ ಡಿಎನ್‌ಎ ನಕ್ಷೆಯ ಕರಡು ಪ್ರಕಟವಾದದ್ದೇ ಆಮೇಲೆ, 2010ರಲ್ಲಿ. ಆದ್ದರಿಂದ ಮಾನವ ವಿಕಾಸದ ಪುಟಗಳನ್ನು ದಾರಿ ತೋರಿಸುವುದಕ್ಕಷ್ಟೇ ಇಟ್ಟುಕೊಳ್ಳಿ. ಪಾಠ ಹೇಳುವಂಥ ವಿವರಣೆಗೆ ಬರ್ಕ್ಲಿ ವಿಶ್ವವಿದ್ಯಾಲಯದ ಪಳೆಯುಳಿಕೆ ಸಂಗ್ರಹಾಲಯದವರ 'ಅಂಡರ್‌ಸ್ಟ್ಯಾಂಡಿಂಗ್ ಎವಲ್ಯೂಷನ್' ತಾಣವೇ ಮೇಲು. ಥಿಯರಿ ಎಂದರೇನು ಎಂಬುದನ್ನು ಅದು ಹೈಸ್ಕೂಲು ಹುಡುಗರಿಗೂ ತಿಳಿಯುವಂತೆ ಹೇಳುತ್ತದೆ.

ಅಹವಾಲು ಸಭೆಯಲ್ಲಿ ಮಾತಾಡಲು ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ. ಐದು ವಾದಗಳಿಗೆ ಐದು ಉತ್ತರ ಪೋಣಿಸಿಕೊಂಡು ಹೋದವರು ಮೂರನೆಯದಕ್ಕೇ ಗಂಟೆ ಬಾರಿಸಿಕೊಳ್ಳುತ್ತಾರೆ. ಒಂದೇ ವಾದ ಆರಿಸಿ, ಒಂದೇ ಸಾಕ್ಷ್ಯ ಇಡಿ, ಪಠ್ಯದ ಯಾವ ಸಾಲು ಉಳಿಯಬೇಕು ಎಂದು ಹೇಳಿ ಇಳಿಯಿರಿ. ಎದುರಾಳಿಯ ವಾದವನ್ನು ಮೊದಲು ಪೂರ್ತಿ ಓದಿ ಹೇಳುವ ಸೂಚಿಯ ಕ್ರಮವನ್ನು ಅಲ್ಲಿ ಅನುಸರಿಸಬೇಡಿ. ಕೇಳುವವರ ತಲೆಯಲ್ಲಿ ಉಳಿಯುವುದು ಎದುರಾಳಿಯ ಆ ವಾದವೇ.

ಈ ಸೂಚಿ ಕೊಡಲಾರದ ಸರಕೂ ಒಂದಿದೆ: ದಾಖಲೆ. ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ, ಜೀವಿಗಳ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕಾರನಿದ್ದಾನೆ ಎನ್ನುವ 'ಬುದ್ಧಿವಂತ ವಿನ್ಯಾಸ' ವಾದವನ್ನು ತರಗತಿಗೆ ತಂದ ಶಾಲಾ ಮಂಡಳಿಯ ವಿರುದ್ಧ 11 ಪೋಷಕರು ಹೂಡಿದ ಮೊಕದ್ದಮೆಯ ತೀರ್ಪು 2005ರ ಡಿಸೆಂಬರ್ 20ರಂದು ಬಂತು, ಪೋಷಕರು ಗೆದ್ದರು. ಅಲ್ಲಿ ವಿಜ್ಞಾನಿಗಳ ಸಾಕ್ಷ್ಯದ ಜೊತೆಗೆ ತೂಕಕ್ಕೆ ಬಂದದ್ದು, ಮಂಡಳಿ ಮಕ್ಕಳಿಗೆ ತೋರಿಸಿಕೊಟ್ಟಿದ್ದ ಪೂರಕ ಪುಸ್ತಕದ ಹಳೆಯ ಕರಡುಗಳು. ಸೃಷ್ಟಿವಾದದ ಪಾಠಕ್ಕೆ ವಿರುದ್ಧವಾಗಿ ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪು ಕೊಟ್ಟ ಮೇಲಿನ ಕರಡಿನಲ್ಲಿ 'ಸೃಷ್ಟಿ' ಇದ್ದ ಕಡೆಯೆಲ್ಲ 'ಬುದ್ಧಿವಂತ ವಿನ್ಯಾಸ' ಬಂದು ಕೂತಿತ್ತು. ಅವಸರದಲ್ಲಿ ಬದಲಿಸಿದ ಒಂದು ಕಡೆ ಹಳೆಯ ಪದವೂ ಹೊಸ ಪದವೂ ಒಂದಕ್ಕೊಂದು ಅಂಟಿಕೊಂಡು ಉಳಿದಿದ್ದವು. ಇಂಥದ್ದು ಸಿಗುವುದು ನಡಾವಳಿ, ಕರಡು, ಪತ್ರವ್ಯವಹಾರ ಕೆದಕಿದಾಗ. ಆ ಕೆಲಸಕ್ಕೆ ಅಮೆರಿಕದಲ್ಲಿ 1981ರಿಂದ ಇರುವ ನ್ಯಾಷನಲ್ ಸೆಂಟರ್ ಫಾರ್ ಸೈನ್ಸ್ ಎಜುಕೇಷನ್ ನೆರವಾಗುತ್ತದೆ. ಡೋವರ್‌ನ ಪೋಷಕರ ವಕೀಲರಿಗೂ ಅದೇ ನೆರವಾಗಿತ್ತು. ನಮ್ಮಲ್ಲಾದರೆ ಆರ್‌ಟಿಐ ಅರ್ಜಿ.

ನಮ್ಮಲ್ಲಿ ಈ ಸೂಚಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ ಎಂದು 2018ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಅಂದಾಗ, "ನೀವು ಅಲ್ಲಿದ್ದು ಕಂಡಿರಾ" ಎಂಬ ವಾದಕ್ಕೆ ಉತ್ತರಿಸುವ ಸಿಎ221 ಸರಿಯಾಗಿ ಕೈಗೆ ಬರುತ್ತಿತ್ತು. ಆದರೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಅಧ್ಯಾಯವನ್ನು ಬರೀ 'ಅನುವಂಶೀಯತೆ' ಮಾಡಿದಾಗ ಕೊಟ್ಟ ಕಾರಣ ಮಕ್ಕಳ ಹೊರೆ ಇಳಿಸುವುದು. ಇದನ್ನು ವಿರೋಧಿಸಿ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹೊರೆಯ ವಾದಕ್ಕೆ ಈ ಸೂಚಿಯಲ್ಲಿ ಸಂಕೇತವೇ ಇಲ್ಲ. ಅದಕ್ಕೆ ಪಠ್ಯಕ್ರಮವನ್ನೇ ಮುಂದಿಟ್ಟು ಮಾತಾಡಬೇಕು: ಪಾಠ ಹನ್ನೆರಡನೇ ತರಗತಿಯ ಜೀವವಿಜ್ಞಾನದಲ್ಲಿ ಉಳಿದಿದೆ, ಸರಿ, ಹತ್ತರ ನಂತರ ಆ ವಿಷಯ ತೆಗೆದುಕೊಳ್ಳದ ಮಕ್ಕಳು ಇದನ್ನು ಎಲ್ಲಿ ಓದುತ್ತಾರೆ?