ಮಕ್ಕಳಿಗೆ ಈಜು ಕೋಚ್ ಹುಡುಕುತ್ತಿದ್ದರೆ ಈ ಸರ್ ಹತ್ತಿರ ಕಳಿಸಿ

ದಕ್ಷಿಣ ಬೆಂಗಳೂರಿನ ಒಂದು ಪಾಲಿಕೆ ಈಜುಕೊಳದಲ್ಲಿ ಬೆಳಗಿನ ಬ್ಯಾಚ್ ನಡೆಸುವ ಕೋಚ್ ಬಗ್ಗೆ ಈ ರಿವ್ಯೂ. ಹೆಸರು ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಮಕ್ಕಳೆಲ್ಲ ಸರ್ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನನ್ನ ಮಗಳು ಫೀಸು ಕಟ್ಟಿ ಕಲಿಯುತ್ತಾಳೆ. ಅದೇ ಬ್ಯಾಚ್‌ನಲ್ಲಿ ಅರ್ಧದಷ್ಟು ಮಕ್ಕಳು ಫೀಸೇ ಕಟ್ಟುವುದಿಲ್ಲ. ಪೌರಕಾರ್ಮಿಕರ ಮಕ್ಕಳು, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್‌ನಲ್ಲಿರುವವರ ಮಕ್ಕಳು, ಹತ್ತಿರದ ಸರ್ಕಾರಿ ಶಾಲೆಯ ಹುಡುಗಿಯರು.

ನನಗೆ ತುಂಬಾ ಹಿಡಿಸಿದ್ದು, ಸರ್ ಇವರಿಗೆಲ್ಲ ಬೇರೆ ಬ್ಯಾಚ್ ಮಾಡಿಲ್ಲ. ಫೀಸು ಕಟ್ಟುವವರಿಗೆ ಬೆಳಗ್ಗೆ, ಉಳಿದವರಿಗೆ ಮಟಮಟ ಮಧ್ಯಾಹ್ನ ಎಂದು ಸುಲಭವಾಗಿ ವಿಂಗಡಿಸಬಹುದಿತ್ತು. ಕೆಲವು ಪೋಷಕರು ಬಾಯಿಬಿಟ್ಟು ಕೇಳಿದ್ದೂ ಉಂಟು, ಆ ಮಕ್ಕಳಿಂದ ನೀರು ಗಲೀಜಾಗಲ್ವಾ ಅಂತ. ನನಗೆ ಕೇಳಿಯೇ ಸಿಟ್ಟು ಬಂತು. ಸರ್ ಜಗಳಕ್ಕೆ ಹೋಗಲಿಲ್ಲ. ನೀರಿಗಿಳಿಯುವ ಮುಂಚೆ ಪ್ರತಿಯೊಬ್ಬರೂ ಟಾಯ್ಲೆಟ್‌ಗೆ ಹೋಗಿ, ಸೋಪು ಹಚ್ಚಿ ಶವರ್ ಮಾಡಿಯೇ ಬರಬೇಕು, ಯಾರ ಮಗುವಾದರೂ ಸರಿ ಎಂದು ರೂಲ್ ಮಾಡಿದರು. ಕೊಳದ ಹತ್ತಿರ ಮೂಗಿಗೆ ಹೊಡೆಯುವ ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದುಕೊಳ್ಳುತ್ತೇವೆ ಅಲ್ವಾ? ಬೆವರು ಮತ್ತು ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನ ವಾಸನೆ ಅದು. ಕಣ್ಣು ಉರಿಯುವುದೂ ಹೆಚ್ಚಾಗಿ ಅದರಿಂದಲೇ. ಅದು ಬಡವರ ಮಗುವಿನಿಂದಲೂ ಬರಬಹುದು, ನನ್ನ ಮಗಳಿಂದಲೂ ಬರಬಹುದು. ರೂಲ್ ಬಂದ ಮೇಲೆ ವಾಸನೆ ಕಮ್ಮಿಯಾಗಿದೆ, ಕೇಳಿದವರೂ ಸುಮ್ಮನಾಗಿದ್ದಾರೆ.

ಉಚಿತ ಅಂದ ಮಾತ್ರಕ್ಕೆ ಈ ಮಕ್ಕಳು ಬಂದುಬಿಡುವುದಿಲ್ಲ, ಇದು ನನಗೆ ಇಲ್ಲಿ ಬಂದ ಮೇಲೇ ಗೊತ್ತಾಗಿದ್ದು. ಹತ್ತಿ ಬಟ್ಟೆ ಹಾಕಿ ಇಳಿಯುವ ಹಾಗಿಲ್ಲ, ಒದ್ದೆಯಾದರೆ ಭಾರವಾಗಿ ಕೈಕಾಲಿಗೆ ಸುತ್ತಿಕೊಳ್ಳುತ್ತದೆ, ಅದರ ಎಳೆ ಫಿಲ್ಟರ್‌ಗೆ ಹೋಗಿ ಸೇರುತ್ತದೆ. ಅಂದರೆ ನೈಲಾನ್ ಕಾಸ್ಟ್ಯೂಮ್ ಬೇಕು, ಟೋಪಿ ಬೇಕು, ಗಾಗಲ್ಸ್ ಬೇಕು, ದಿನಗೂಲಿ ಮನೆಯಲ್ಲಿ ಅದಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? ಸರ್ ಹಳೇ ವಿದ್ಯಾರ್ಥಿಗಳಿಂದ ಚಿಕ್ಕದಾದ ಕಾಸ್ಟ್ಯೂಮ್‌ಗಳನ್ನು ಕೇಳಿ ಪಡೆದು ಒಂದು ಟ್ರಂಕ್ ತುಂಬಾ ಇಟ್ಟಿದ್ದಾರೆ. ಮೊಣಕಾಲು, ಮೊಣಕೈ ಮುಚ್ಚುವಂಥವೂ ಇವೆ. ಅವು ಇಲ್ಲದಿದ್ದರೆ ಎಷ್ಟೋ ಹುಡುಗಿಯರನ್ನು ಮನೆಯಲ್ಲಿ ಕಳಿಸುತ್ತಲೇ ಇರಲಿಲ್ಲ. ಕಪ್ಪಗಾಗ್ತಾಳೆ, ದೊಡ್ಡವಳಾಗಿದ್ದಾಳೆ ಎನ್ನುವ ತಾಯಂದಿರನ್ನು ಕರೆದು ಕೊಳದ ಪಕ್ಕ ಕೂರಿಸಿಕೊಂಡು ಮಾತಾಡುತ್ತಾರೆ. ಚಿಕ್ಕಂದಿನಲ್ಲಿ ಮುಳುಗುವುದರಿಂದ ಪಾರಾಗಿ, ಮುಂದೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಮ್ಮ ಬೆಂಗಳೂರಿನ ನಿಶಾ ಮಿಲೆಟ್ ಕಥೆ ಹೇಳುತ್ತಾರೆ. 14ನೇ ವಯಸ್ಸಿಗೇ 2024ರ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಗು ಕಥೆ ಕೇಳುವಾಗ ಹುಡುಗಿಯರ ಮುಖ ನೋಡಬೇಕು.

ಕಲಿಸುವ ರೀತಿ ನಿಧಾನ. ಬೇಗ ಫ್ರೀಸ್ಟೈಲ್ ಬರಬೇಕು ಎನ್ನುವವರಿಗೆ ಬೇಸರವಾಗಬಹುದು. ಮೊದಲು ನೀರಿನೊಳಗೆ ಮುಖ ಇಟ್ಟು ಗುಳ್ಳೆ ಬಿಡುವುದು, ಆಮೇಲೆ ಬೆನ್ನ ಮೇಲೆ ತೇಲುವುದು. ಗಾಬರಿಯಿಲ್ಲದೆ ತೇಲುವವರೆಗೆ ಮುಂದಕ್ಕೆ ಬಿಡುವುದಿಲ್ಲ. ಸರ್ ದಡದ ಮೇಲೆ ನಿಂತು ಕೂಗುವುದಿಲ್ಲ, ಅವರೂ ನೀರಲ್ಲೇ ಇದ್ದು ಹೆದರಿದ ಮಗುವಿನ ತಲೆಯ ಕೆಳಗೆ ಕೈ ಹಿಡಿದಿರುತ್ತಾರೆ.

ವಾರಕ್ಕೊಮ್ಮೆ ರಕ್ಷಣೆಯ ಪಾಠ. ಈ ಒಂದು ಪಾಠಕ್ಕೇ ಫೀಸು ಕೊಡಬಹುದು. ರಜೆಯಲ್ಲಿ ಊರಿಗೆ ಹೋಗುವ ಮಕ್ಕಳಿಗೆ ಕೃಷಿಹೊಂಡದ ಬಗ್ಗೆ ಹೇಳುತ್ತಾರೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಜಾರುತ್ತದೆ, ಈಜು ಬಂದವರಿಗೂ ಮೇಲೆ ಹತ್ತುವುದು ಕಷ್ಟ. ಯಾರಾದರೂ ಬಿದ್ದರೆ ಹಾರಬೇಡಿ, ಕೂಗಿ ದೊಡ್ಡವರನ್ನು ಕರೆಯಿರಿ, ಹಗ್ಗ, ಉದ್ದ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಏನು ಸಿಗುತ್ತೋ ಅದನ್ನು ಕೊಡಿ ಎಂದು ಹೇಳಿ, ಮಕ್ಕಳ ಕೈಯಲ್ಲೇ ಎಸೆಸಿ ಅಭ್ಯಾಸ ಮಾಡಿಸುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ಹೋದರು ಎಂಬ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು, ಅದರಲ್ಲಿ ಹತ್ತಕ್ಕೆ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಕೆರೆ, ಕ್ವಾರಿ, ಹೊಂಡದ ಪಕ್ಕ ಬೆಳೆಯುವ ಮಕ್ಕಳಿಗೇ ಈಜು ಮೊದಲು ಸಿಗಬೇಕು. ನಮ್ಮಲ್ಲಿ ಅದು ಅಪಾರ್ಟ್‌ಮೆಂಟ್ ಮಕ್ಕಳ ಹವ್ಯಾಸವಾಗಿದೆ.

ಕೊರತೆಗಳೂ ಇವೆ. ಬಟ್ಟೆ ಬದಲಾಯಿಸುವ ಕೋಣೆ ಚಿಕ್ಕದು, ಒಂದು ಬಾಗಿಲಿನ ಚಿಲಕ ಸರಿಯಿಲ್ಲ, ಹುಡುಗಿಯರು ಒಬ್ಬರಿಗೊಬ್ಬರು ಕಾವಲು ನಿಲ್ಲಬೇಕು. ಇದು ಬೇಗ ಸರಿಯಾಗಲೇಬೇಕು. ಮಹಿಳಾ ಸಹಾಯಕಿ ಇದ್ದಾರೆ, ದಿನವೂ ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ವಿಪರೀತ ರಶ್. ರಾಷ್ಟ್ರಮಟ್ಟದ ಸ್ಪರ್ಧೆಗೆ ತಯಾರಿ ಬೇಕಿದ್ದರೆ ದೊಡ್ಡ ಅಕಾಡೆಮಿ ನೋಡಿ, ಸರ್ ಕೂಡ ಚುರುಕಾದ ಮಕ್ಕಳನ್ನು ತಾವೇ ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ.

ಸೋಮವಾರ ರಜೆ. ಸೇರಿಸುವುದಿದ್ದರೆ ಜೂನ್ ಆದ ಮೇಲೆ ಬನ್ನಿ, ಆಗ ಒಬ್ಬೊಬ್ಬರ ಮೇಲೂ ಗಮನ ಕೊಡಲು ಅವರಿಗೆ ಸಮಯವಿರುತ್ತದೆ. ಮನೆಯಲ್ಲಿ ಹಳೇ ಗಾಗಲ್ಸ್, ಕಾಸ್ಟ್ಯೂಮ್ ಇದ್ದರೆ ತೊಳೆದು ತನ್ನಿ. ಟ್ರಂಕ್‌ನಲ್ಲಿ 10ರಿಂದ 13 ವರ್ಷದ ಹುಡುಗಿಯರ ಸೈಜ್ ಯಾವಾಗಲೂ ಕಮ್ಮಿ.